ಹಂಡೆಯ ತಳದ ನಿದ್ದೆ

ಟಿಣ್ ಎಂದಿತು. ನಡುರಾತ್ರಿ ದಾಟಿತ್ತು. ಕೋಣೆಯ ಮೂಲೆಯಲ್ಲಿದ್ದ ನನ್ನ ಗಂಡನ ಗಿಂಡಿಯ ಮುಚ್ಚಳ ಒಂದು ಕೂದಲೆಳೆಯಷ್ಟು ಕೆಳಗೆ ಕೂತಿತ್ತು. ಒಲೆಯಿಂದ ಇಳಿಸಿದ ಪಾತ್ರೆ ತಣ್ಣಗಾಗುವಾಗ ಮಾಡುತ್ತದಲ್ಲ, ಅಷ್ಟು ಸಣ್ಣ ಸದ್ದು. ನಿಧಿ ಇಳಿದ ರಾತ್ರಿ ನಮ್ಮ ಊರಿನ ಎಲ್ಲ ಮನೆಗಳ ಗಿಂಡಿಗಳೂ ಹೀಗೆ ಸದ್ದು ಮಾಡುತ್ತವೆ. ಆದರೆ ಆ ಹೊತ್ತಿನಲ್ಲಿ ಎಚ್ಚರವಿರುವವರು ಯಾರು? ಬೆಳಿಗ್ಗೆ ಫಲಕ ನೋಡಿದ ಮೇಲೆಯೇ ಊರಿಗೆ ತಿಳಿಯುವುದು. ನನಗೆ ಮಾತ್ರ ಮೊದಲೇ ತಿಳಿದುಬಿಡುತ್ತಿತ್ತು. ಆ ಫಲಕ ಬರೆಯುವವಳೂ ನಾನೇ.

ಒಂದು ಸಲ ಕೂತರೆ ಗಾಬರಿಯೇನಿಲ್ಲ. ಅಂಥದ್ದು ಎಷ್ಟೋ ರಾತ್ರಿ ಆಗಿದೆ. ಹೊದಿಕೆಯೊಳಗೇ ಕಿವಿಗೊಟ್ಟು ಕಾದೆ. ಮತ್ತೆ ಟಿಣ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ. ಎದ್ದು ಹೋಗಿ ಗಿಂಡಿಯ ಮೇಲೆ ಅಂಗೈ ಇಟ್ಟೆ, ಜ್ವರ ಬಂದ ಮಗುವಿನ ಹಣೆಯ ಮೇಲೆ ಇಡುವ ಹಾಗೆ. ಹಿತ್ತಾಳೆ ತಣ್ಣಗಿತ್ತು. ಒಳಗೆ ಇನ್ನೂ ಏನೋ ಇಳಿಯುತ್ತಿದ್ದುದು ಅಂಗೈಗೆ ಗೊತ್ತಾಗುತ್ತಿತ್ತು.

ನಮ್ಮಲ್ಲಿ ನಿದ್ದೆಯನ್ನು ಕೂಡಿಡುತ್ತಾರೆ. ತಲೆಯ ಹತ್ತಿರ ಗಿಂಡಿ ತೆರೆದಿಟ್ಟು ಮಲಗಿ, ಕಣ್ಣು ಎಳೆಯುತ್ತಿರುವಾಗಲೇ ಎದ್ದುಬಿಟ್ಟರೆ, ಉಳಿದ ನಿದ್ದೆ ಗಿಂಡಿಯಲ್ಲಿ ನಿಲ್ಲುತ್ತದೆ. ಅದನ್ನು ಪೇಟೆ ಬೀದಿಯ ವಿಶ್ರಾಂತಿ ನಿಧಿಗೆ ಒಯ್ದರೆ ಸೌಟಿನಲ್ಲಿ ಅಳೆದು, ಸಾಲು ಹಂಡೆಗಳಿಗೆ ಸುರಿದು, ಹಿತ್ತಾಳೆಯ ಬಿಲ್ಲೆ ಕೊಡುತ್ತಾರೆ. ನಿಧಿಯವರು ಹಂಡೆಯ ನಿದ್ದೆಯನ್ನು ಬೇಕಾದವರಿಗೆ ಕಡ ಕೊಡುತ್ತಾರೆ, ಅದು ಬೆಳೆದು ವಾಪಸು ಬರುತ್ತದೆ. ಹತ್ತು ಬಿಲ್ಲೆಗೆ ಇವತ್ತು ಎಷ್ಟು ಸೌಟು ಎಂದು ದಿನವೂ ಫಲಕದಲ್ಲಿ ಬರೆಯಬೇಕು. ಅದರ ಕೆಳಗೆ ಒಂದು ಎಚ್ಚರಿಕೆಯ ವಾಕ್ಯ ಇರಬೇಕೆಂಬುದು ನಿಯಮ. ಕನ್ನಡ ಎಂ.ಎ. ಮಾಡಿದವಳೆಂದು ಅದನ್ನು ನನ್ನ ಕೈಲೇ ಬರೆಸಿದ್ದರು: 'ನಿಧಿಯ ನಿದ್ದೆಗೆ ಏರಿಳಿತ ಉಂಟು. ನಿನ್ನೆ ಬೆಳೆದದ್ದು ನಾಳೆಯೂ ಬೆಳೆದೀತೆಂಬ ಮಾತು ಇಲ್ಲ.' ಇದನ್ನು ಬರೆಯಲು ನಾನು ಒಂದು ವಾರ ಒದ್ದಾಡಿದ್ದೆ. ಮನೆ ಮನೆಗೆ ಹೋಗಿ ಗಿಂಡಿ ಹಂಚುವ ಏಜೆಂಟರು ಅದನ್ನು ಒಂದೇ ಉಸಿರಿನಲ್ಲಿ, ಬಾಯಿ ಸುಟ್ಟುಕೊಂಡವರ ಹಾಗೆ ಗಡಗಡ ಹೇಳಿ ಮುಗಿಸಿ, ಆಮೇಲೆ ನಿಧಾನವಾಗಿ ಮುಗುಳ್ನಗುತ್ತಿದ್ದರು.

ನನ್ನ ಗಂಡ ಗುರುಶಾಂತ ಬಸ್ ಕಂಡಕ್ಟರ್ ಆಗಿದ್ದರು. ಬೆಳಗಿನ ಮೊದಲ ಬಸ್ಸು ಅವರದು. ಹೇಗೂ ಬೇಗ ಏಳಲೇಬೇಕಲ್ಲ ಎಂದು ಮದುವೆಯಾದ ಹೊಸದರಲ್ಲೇ ಗಿಂಡಿ ಇಟ್ಟರು. ಆಮೇಲೆ ರಜೆಯ ದಿನವೂ ಕತ್ತಲಿರುವಾಗಲೇ ಎದ್ದು ಕೂರತೊಡಗಿದರು. "ಸ್ವಲ್ಪ ಮಲಗಿ" ಎಂದರೆ, "ಇರ್ಲಿ ತಗಳೇ, ಸರ್ವೀಸ್ ಮುಗೀಲಿ. ಆಮೇಲೆ ಇಬ್ರೂ ಒಂದೇ ಕಂಬಳಿ ಹೊದ್ದು ಮಲಗಿದ್ರೆ ಹತ್ತು ವರ್ಷ ಏಳೋ ಮಾತೇ ಇಲ್ಲ. ಬಾಗಿಲಿಗೆ ಬೋರ್ಡ್ ಹಾಕ್ಬಿಡೋಣ, ಬಸ್ ಕೆಟ್ಟಿದೆ ಅಂತ" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಡಿಪೋದ ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಬಿಲ್ಲೆಗಳು ನನ್ನ ಹೆಸರಿಗೆ ಬಂದವು.

ನಾನು ಒಂದನ್ನೂ ಮುರಿಸಿ ನಿದ್ದೆ ಪಡೆಯಲಿಲ್ಲ. ಹಂಡೆಗೆ ಬಿದ್ದ ಮೇಲೆ ನಿದ್ದೆ ಯಾರೊಬ್ಬರದೂ ಅಲ್ಲ. ಬಿಲ್ಲೆ ಮುರಿಸಿದವರಿಗೆ ಸಿಗುವುದು ಎಲ್ಲರದೂ ಬೆರೆತ ನಿದ್ದೆಯ ಒಂದು ಪಾಲು. ಆದರೆ ನಿದ್ದೆಯ ಜೊತೆ ಅದರ ಕನಸೂ ಬರುತ್ತದೆ. ಮಡಿವಂತರ ಮನೆಯ ಅಜ್ಜಿಗೆ ಇಡೀ ರಾತ್ರಿ ಇಸ್ಪೀಟಿನ ಕನಸು ಬೀಳುತ್ತದೆ, ಪೈಲ್ವಾನನಿಗೆ ಹೆರಿಗೆ ನೋವು ಬರುತ್ತದೆ. ಅಂಥ ಬೆಳಗಿನಲ್ಲಿ ನಮ್ಮ ಜನ "ಯಾರದೋ ಬಂತು" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಯಾರದ್ದೆಂದು ಗುರುತು ಸಿಕ್ಕಿದರೂ ಹೇಳಬಾರದು, ಕೇಳಲೂಬಾರದು. ಈ ಮರ್ಯಾದೆ ಇರುವುದರಿಂದಲೇ ಊರಿನಲ್ಲಿ ಇನ್ನೂ ಸಂಸಾರಗಳು ಉಳಿದಿವೆ ಎಂದು ಹಿರಿಯರು ಹೇಳುತ್ತಾರೆ.

ಗುರುಶಾಂತ ಹೋದ ಮೇಲೆ, ಇಡ್ಲಿ ಅಂಗಡಿಯ ರುದ್ರಾಣಿ ಒಂದು ದಿನ ಹಿಟ್ಟು ಕಲಸುತ್ತಾ, "ಯಾರದೋ ಬಂತಮ್ಮ ರಾತ್ರಿ. ಬಸ್ಸೋ ಬಸ್ಸು. ಟಿಕೆಟ್ ಹರಿದೂ ಹರಿದೂ ಇವತ್ತು ಬೆರಳೇ ಮಡಿಸೋಕಾಗ್ತಿಲ್ಲ" ಎಂದಳು. ನಾನು ಇಡ್ಲಿ ಅಲ್ಲೇ ಬಿಟ್ಟು ಮನೆಗೆ ಬಂದೆ. ಆವತ್ತಿನಿಂದ ನನ್ನ ಕಿವಿ ಬೀದಿಯಲ್ಲೇ ಇತ್ತು. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಊರಿನ ಯಾವುದೋ ಮೂಲೆಯಲ್ಲಿ ಯಾರಿಗೋ ಬಸ್ಸು ಬೀಳುತ್ತಿತ್ತು. ಆ ಬಸ್ಸು ತುಂಬಿರುತ್ತಿತ್ತು. ಕೋಳಿ ಬುಟ್ಟಿ ಹಿಡಿದವರು, ಶಾಲೆಯ ಮಕ್ಕಳು, ಮದುವೆ ದಿಬ್ಬಣ. ಎಲ್ಲರೂ ಇರುತ್ತಿದ್ದರು. ಅಲ್ಲಿ ನನ್ನನ್ನು ಕಂಡೆವೆಂದು ಯಾರೂ ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ನನ್ನ ಗಂಡನ ನಿದ್ದೆಯ ಎಲ್ಲೋ ಒಂದು ಕಡೆ ನಾನು ಇದ್ದೆನೇ ಎಂಬುದು ಗೊತ್ತಾಗಬೇಕಿತ್ತು. ಬೇರೇನನ್ನೂ ನಾನು ಆ ಹಂಡೆಯಿಂದ ಬಯಸಿರಲಿಲ್ಲ. ಬಿಲ್ಲೆ ಮುರಿಸಿದರೆ ನನ್ನ ಪಾಲಿಗೆ ಯಾರದೋ ಇಸ್ಪೀಟು ಬಂದು ಅವರದು ಇನ್ನಾರಿಗೋ ಹೋಗಿ ಖರ್ಚಾದೀತು ಎಂಬ ಭಯಕ್ಕೆ ಮುರಿಸದೆ ಇಟ್ಟಿದ್ದೆ. ಹಂಡೆ ತುಂಬಿರುವವರೆಗೆ ಅವರು ಊರಿನಲ್ಲಿ ಓಡಾಡಿಕೊಂಡಿರುತ್ತಾರೆ, ಒಂದಲ್ಲ ಒಂದು ದಿನ ಯಾರಾದರೂ ನನ್ನನ್ನು ಕಂಡಾರು ಎಂದುಕೊಂಡಿದ್ದೆ.

ಆ ರಾತ್ರಿ ಮೂರು ಸಲ ಸದ್ದಾದ ಮೇಲೆ ಬೆಳಕು ಹರಿಯುವುದನ್ನೂ ಕಾಯದೆ ಕಚೇರಿಗೆ ಹೋದೆ. ನಿಧಿಯ ವ್ಯವಸ್ಥಾಪಕರಾದ ಪದ್ಮರಾಜಯ್ಯನವರು ಹಂಡೆಕೋಣೆಯ ಮೆಟ್ಟಿಲ ಮೇಲೆ, ಅಳತೆಯ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಕೇಳಿಸ್ತಾ ಸರ್ವಮಂಗಳಮ್ಮ?"

"ಮೂರು ಸಲ, ಸಾರ್."

"ದೀಪದ ಕಾರ್ಖಾನೆ ಮುಚ್ಚಿಕೊಂಡು ಹೋದ್ರು. ನಿನ್ನೆ ಸಂಜೆ ನಾನೇ ಹೋಗಿ ನೋಡ್ಕೊಂಡು ಬಂದೆ. ಗೇಟಿಗೆ ಬೀಗ. ಕಾವಲಿನವನೂ ಇಲ್ಲ. ಒಳಗಡೆ ಒಂದು ನಾಯಿ ಮಲಗಿತ್ತು. ಎಷ್ಟು ಕೂಗಿದ್ರೂ ಏಳ್ಲಿಲ್ಲ ಕಣ್ರೀ." ಅವರು ನಗಲು ಹೋದರು. "ನಮ್ಮ ನಿದ್ದೇನೇ ಇರ್ಬೇಕು."

"ಎಲ್ಲಾ ಅವರ ಹತ್ರಾನೇ ಇತ್ತಾ?"

"ಮುಕ್ಕಾಲು ಪಾಲು."

ಪದ್ಮರಾಜಯ್ಯನವರನ್ನು ದೂರಲು ನನಗೆ ಈಗಲೂ ಮನಸ್ಸಾಗುವುದಿಲ್ಲ. ಮೊದಲು ಅವರು ಕಡ ಕೊಡುತ್ತಿದ್ದುದು ಬಾಣಂತಿಯರಿಗೆ, ಜ್ವರದಿಂದ ಎದ್ದವರಿಗೆ, ಮದುವೆ ಮನೆಯಲ್ಲಿ ದಣಿದವರಿಗೆ. ಮಗು ದೊಡ್ಡದಾದ ಮೇಲೆ ಬಾಣಂತಿ ತಾನು ಪಡೆದದ್ದಕ್ಕೆ ಒಂದು ಚೂರು ಸೇರಿಸಿ ತಂದು ಸುರಿಯುತ್ತಿದ್ದಳು. ಫಲಕದ ಅಂಕಿ ಬಸವನಹುಳುವಿನ ಹಾಗೆ ಏರುತ್ತಿತ್ತು. ಅಷ್ಟರಲ್ಲಿ ಹಿಂದಿನ ಬೀದಿಯಲ್ಲಿ ಸುಖಶಯನ ನಿಧಿ ಎಂದು ಇನ್ನೊಂದು ಶುರುವಾಗಿ, ಒಂದಕ್ಕೆ ಎರಡು ಕೊಡುತ್ತೇವೆ ಎಂದು ತಮಟೆ ಹೊಡೆಸಿದರು. ನಮ್ಮ ವಾರ್ಷಿಕ ಸಭೆಯಲ್ಲಿ ಜನ ಎದ್ದು ನಿಂತರು. "ಅವ್ರು ಕುದುರೆ ಓಡಿಸ್ತಾವ್ರೆ, ನೀವು ಬಾಣಂತೀರಿಗೆ ಜೋಗುಳ ಹಾಡ್ತಾ ಕೂತಿದೀರಲ್ರೀ!" ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ. "ಬಾಣಂತಿ ತಗೊಂಡ ನಿದ್ದೆ ಎಲ್ಲೂ ಓಡಿಹೋಗಲ್ಲ ಸ್ವಾಮಿ" ಎಂದರು ಇವರು. ಸಭೆಯೆಲ್ಲ ನಕ್ಕಿತು. ಮಾರನೆಯ ದಿನದಿಂದ ಜನ ಬಿಲ್ಲೆ ಮುರಿಸಿ ಹಿಂದಿನ ಬೀದಿಗೆ ಹೊತ್ತರು. ಇವರು ಒಂದು ಚಳಿಗಾಲ ತಡೆದುಕೊಂಡರು. ಆಮೇಲೆ ಗುಡ್ಡದಾಚೆಯ ದೀಪದ ಕಾರ್ಖಾನೆಗೆ ಕೊಟ್ಟರು. ಅಲ್ಲಿ ರಾತ್ರಿಯೆಲ್ಲ ಕೆಲಸ, ಅವರಿಗೆ ನಿದ್ದೆ ಎಷ್ಟು ಕೊಟ್ಟರೂ ಸಾಲದು, ಕೇಳಿದಷ್ಟು ಬೆಳೆಸಿ ಕೊಡುತ್ತಿದ್ದರು. ಫಲಕದ ಅಂಕಿ ಜಿಗಿಯಿತು. ಅದೇ ಹಿಂದಿನ ಸಾಲಿನವನು ಬಂದು ಇವರಿಗೆ ಹಾರ ಹಾಕಿದ. ಕಾರ್ಖಾನೆಗೆ ಇಷ್ಟೊಂದು ನಿದ್ದೆ ಯಾಕೆ ಬೇಕು, ಹಗಲು ಯಾರೂ ಮಲಗುವುದಿಲ್ಲವೇ ಎಂದು ಯಾರೂ ಕೇಳಲಿಲ್ಲ. ಅಂಕಿ ಏರುತ್ತಿರುವಾಗ ಅಂಥ ಪ್ರಶ್ನೆ ಕೇಳುವವರನ್ನು ಅಪಶಕುನ ಎನ್ನುತ್ತಾರೆ.

"ಒಂದು ಪ್ರಕಟಣೆ ಬರೀಬೇಕು" ಎಂದರು ಪದ್ಮರಾಜಯ್ಯ. "ತಾತ್ಕಾಲಿಕ ಇಳಿತ ಅಂತ ಹಾಕಿ. ಆ ಒಂದು ಪದ ಇದ್ರೆ ಜನ ತಡ್ಕೋತಾರೆ. ಹಂಡೇನ ಪದೇ ಪದೇ ತೆಗೆದ್ರೆ ಇರೋದೂ ಆರಿಹೋಗುತ್ತೆ, ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಮುಚ್ಚಳ ತೆಗೆದಾಗಲೆಲ್ಲ ನಿದ್ದೆ ಸ್ವಲ್ಪ ಸ್ವಲ್ಪ ಗಾಳಿಗೆ ಹೋಗುತ್ತದೆ. ಜನ ಮುಗಿಬಿದ್ದರೆ ಕೊಟ್ಟದ್ದಕ್ಕಿಂತ ಹೋದದ್ದೇ ಹೆಚ್ಚಾದೀತು. ನಾನು ಮೇಜಿನ ಮುಂದೆ ಕೂತೆ. ಆ ಪದ ಬರೆದರೆ ಜನ ಮನೆಯಲ್ಲಿರುತ್ತಾರೆ, ಹಂಡೆ ಮುಚ್ಚಿರುತ್ತದೆ, ಒಳಗೆ ಎಲ್ಲೋ ಬಸ್ಸು ಇರುತ್ತದೆ. ಒಂದೇ ಒಂದು ಪದ. ಆದರೆ ತಾತ್ಕಾಲಿಕ ಎಂದರೆ ಕೊನೆಯೊಂದು ಇದೆ, ಅದು ನಮಗೆ ಕಾಣುತ್ತಿದೆ ಎಂದರ್ಥ. ನನಗೆ ಕಾಣುತ್ತಿರಲಿಲ್ಲ, ಅವರಿಗೂ ಕಾಣುತ್ತಿರಲಿಲ್ಲ. ಪಕ್ಕದ ಮನೆಯ ಹೊನ್ನಮ್ಮ ನೆನಪಾದರು. ಅಕ್ಷರ ಬರದಿದ್ದರೂ, ಹಾಸಿಗೆ ಹಿಡಿಯುವವರೆಗೆ ದಿನವೂ ಫಲಕದ ಮುಂದೆ ನಿಂತು, "ಏನ್ ಬರ್ದಿದೀಯವ್ವ, ಓದು" ಎಂದು ನನ್ನನ್ನೇ ಕೇಳುತ್ತಿದ್ದವರು. ಆ ಪದವನ್ನು ಅವರಿಗೆ ನಾನೇ ಗಟ್ಟಿಯಾಗಿ ಓದಿ ಹೇಳಬೇಕಾಗುತ್ತಿತ್ತು.

ನಾನು ಬರೆದದ್ದು ಹೀಗೆ: 'ಕಾರ್ಖಾನೆಗೆ ಕೊಟ್ಟ ನಿದ್ದೆ ಮರಳಿ ಬರುವ ಲಕ್ಷಣ ಇಲ್ಲ. ಹಂಡೆಯಲ್ಲಿ ಕಾಲು ಭಾಗ ಉಳಿದಿದೆ. ಬೇಕಾದವರು ಬಿಲ್ಲೆ ಮುರಿಸಿಕೊಳ್ಳಬಹುದು.'

ಪದ್ಮರಾಜಯ್ಯ ಎರಡು ಸಲ ಓದಿದರು. "ಇದನ್ನ ಹಾಕಿದ್ರೆ ಒಂದು ಸೌಟೂ ಉಳಿಯಲ್ಲ."

"ಹೌದು ಸಾರ್."

"ನಿಮ್ಮ ಯಜಮಾನ್ರದ್ದೂ ಅದ್ರಲ್ಲಿದೆ."

ನಾನು ಸಹಿಯ ಜಾಗ ತೋರಿಸಿದೆ. ಅವರು ಪೆನ್ನಿನ ಟೋಪಿ ತೆಗೆದು, ಬಹಳ ಹೊತ್ತು ಹಿಡಿದುಕೊಂಡಿದ್ದು, ಸಹಿ ಮಾಡಿದರು. ಅವರ ಸಹಿ ಮಾಮೂಲಿಗಿಂತ ಸಣ್ಣದಾಗಿತ್ತು.

ಹತ್ತು ಗಂಟೆಯ ಹೊತ್ತಿಗೆ ಪೇಟೆ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಿಂಡಿ ಇಲ್ಲದವರು ತಂಬಿಗೆ ತಂದಿದ್ದರು, ಹಾಲಿನ ಕ್ಯಾನು ತಂದಿದ್ದರು. ಬೈದವರು ಬೈದರು. ಹಾರ ಹಾಕಿದವನು ಹೂವಿನ ದುಡ್ಡನ್ನೂ ವಾಪಸು ಕೊಡಿ ಎಂದ. ಅಂಕಿ ದಿನಕ್ಕೆ ಎರಡು ಸಲ ಬದಲಾಯಿತು. ನಾನು ಒರೆಸಿ ಬರೆಯುವುದು, ಪದ್ಮರಾಜಯ್ಯ ಸೌಟಿನಲ್ಲಿ ಅಳೆದು ಸುರಿಯುವುದು. ಕಚೇರಿಯವರು ತಮ್ಮ ಬಿಲ್ಲೆಯನ್ನು ಎಲ್ಲರ ನಂತರವೇ ಮುರಿಸಬೇಕೆಂಬುದು ನಿಧಿಯ ಕಟ್ಟಳೆ, ಬಡಿಸಿದವರು ಕೊನೆಯ ಪಂಕ್ತಿಯಲ್ಲಿ ಉಣ್ಣುವ ಹಾಗೆ. ಆದ್ದರಿಂದ ನನ್ನ ಗಂಡನ ಬಿಲ್ಲೆಗಳೂ ಕೊನೆಗೇ ನಿಂತವು.

ಸಂಜೆ ಹೊನ್ನಮ್ಮನವರ ಮನೆಗೆ ಹೋದೆ. ಸೊಂಟದ ಮೂಳೆಯ ನೋವಿನಿಂದ ಅವರು ಹಾಸಿಗೆ ಹಿಡಿದು ಆಗಲೇ ಬಹಳ ದಿನವಾಗಿತ್ತು. ರಾತ್ರಿ ನರಳುವುದು ಗೋಡೆಯಾಚೆಗೆ ನನಗೆ ಕೇಳಿಸುತ್ತಿತ್ತು. ಸೊಸೆ ಜಯಶೀಲ ಎಣ್ಣೆ ಬಿಸಿ ಮಾಡುತ್ತಿದ್ದಳು.

"ಅಜ್ಜಿ, ನಾಳೆ ಬೆಳಿಗ್ಗೇನೇ ಬಿಲ್ಲೆ ಕೊಟ್ಟು ಕಳಿಸಿ. ಜಯಶೀಲ ಬರ್ಲಿ, ನಾನೇ ಮುಂದೆ ನಿಲ್ಲಿಸ್ತೀನಿ" ಎಂದೆ.

"ಇಳಿದಿರೋವಾಗ ತೆಗೀಬಾರ್ದು ಕಣವ್ವ. ಇಳಿದ ನಿದ್ದೇಲಿ ಬರೀ ಬೀಳೋ ಕನ್ಸೇ ಬೀಳ್ತವಂತೆ. ನಮ್ಮತ್ತೆ ಹೇಳೋರು. ಹಾಕಿದಷ್ಟಾದ್ರೂ ಆಗ್ಲಿ, ಆವಾಗ ತೆಗೀತೀನಿ."

ನಮ್ಮ ಊರಿನ ಹಳಬರೆಲ್ಲ ಇದನ್ನು ನಂಬುತ್ತಾರೆ. ಇಳಿದಾಗ ತೆಗೆದರೆ ಇಳಿದದ್ದು ನಿಜವಾಗಿಬಿಡುತ್ತದೆ, ತೆಗೆಯದಿದ್ದರೆ ಅದು ಇನ್ನೂ ಆಗಿಲ್ಲ ಎಂದು ಅವರ ಲೆಕ್ಕ.

"ಅಜ್ಜಿ, ಅದು ಮೇಲೆ ಬರಲ್ಲ. ನಾನೇ ಬರ್ದಿದೀನಲ್ಲ."

"ನೀನು ಹೆದರುಪುಕ್ಲಿ. ಹಾಲು ಉಕ್ಕಿದ್ರೂ ಮನೇಗೆ ಬೆಂಕಿ ಬಿತ್ತು ಅಂತೀಯ. ಅಷ್ಟೆಲ್ಲ ಹೇಳ್ತೀಯಲ್ಲ, ನಿನ್ ಗಂಡಂದು ಇಷ್ಟು ದಿನ ಯಾಕೆ ತೆಗೀಲಿಲ್ಲ?"

ಎಣ್ಣೆಯ ಬಟ್ಟಲು ಹಿಡಿದುಕೊಂಡಿದ್ದ ಜಯಶೀಲ, "ಅತ್ತೆ, ಸುಮ್ನಿರಿ" ಎಂದಳು. ನಾನು ಎದ್ದು ಬಂದೆ. ಮಾರನೆಯ ದಿನವೂ ಹೇಳಿದೆ, ಅದರ ಮಾರನೆಯ ದಿನವೂ ಹೇಳಿದೆ. ಹೊನ್ನಮ್ಮ ಬಿಲ್ಲೆಗಳನ್ನು ಸೆರಗಿನ ತುದಿಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನೋಯುವ ಮಗ್ಗುಲಿನ ಮೇಲೇ ಮಲಗಿರುತ್ತಿದ್ದರು.

ಅದೇ ದಿನಗಳಲ್ಲಿ ಬಸ್ಸು ಶುರುವಾಯಿತು. ಒಂದು ಬೆಳಿಗ್ಗೆ ಅಂಚೆ ಮಾಸ್ತರರಿಗೆ, ಅದೇ ಬೆಳಿಗ್ಗೆ ಎಣ್ಣೆ ಗಾಣದವರ ಮನೆಯ ಮೂವರಿಗೆ, ಆಮೇಲೆ ಇಡೀ ಕುಂಬಾರ ಬೀದಿಗೆ. ಅಲ್ಲಿಯವರೆಗೆ ಹನಿ ಹನಿಯಾಗಿ ಹೊರಗೆ ಬರುತ್ತಿದ್ದುದು ಈಗ ಸೌಟುಗಟ್ಟಲೆ ಬರುತ್ತಿತ್ತು. ಜನ ತಮಗೇ ಗೊತ್ತಿಲ್ಲದೆ ನಡೆಯುವಾಗ ಒಂದು ಕೈಯನ್ನು ಮೇಲೆತ್ತಿ ಕಂಬಿ ಹಿಡಿದವರ ಹಾಗೆ ತೂಗಾಡುತ್ತಿದ್ದರು. ತರಕಾರಿ ಮಾರುವವನೊಬ್ಬ ಚೀಲ ಕೊಟ್ಟು "ರೈಟ್" ಎಂದ. ನಾನು ಎಷ್ಟು ತಡೆದುಕೊಂಡರೂ ಆಗಲಿಲ್ಲ. ಸಿಕ್ಕಸಿಕ್ಕವರನ್ನು ನಿಲ್ಲಿಸಿ ಕೇಳತೊಡಗಿದೆ. ಬಸ್ಸಲ್ಲಿ ಹೆಂಗಸರು ಯಾರು ಯಾರಿದ್ದರು? ನನ್ನ ಹಾಗೆ ಕನ್ನಡಕದವರು ಯಾರಾದರೂ ಇದ್ದರಾ? ಅಂಚೆ ಮಾಸ್ತರರು ತಲೆ ತಗ್ಗಿಸಿ ರಸ್ತೆ ದಾಟಿ ಹೋದರು. ಕುಂಬಾರ ಬೀದಿಯಲ್ಲಿ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ರುದ್ರಾಣಿ ಮಾತ್ರ ಬಾಯಿಬಿಟ್ಟಳು. ಅಂಗಡಿ ತುಂಬ ಜನ ಇದ್ದರು. "ಮೇಡಮ್ಮೋರೇ, ಕೇಳಬಾರದ್ದನ್ನ ಕೇಳ್ತಿದೀರ. ಆದ್ರೂ ಹೇಳ್ತೀನಿ ಕೇಳಿ. ನಂಗೆ ನಾಕು ಸಲ ಬಂತು. ನೀವಿರ್ಲಿಲ್ಲ. ನಿಮ್ಮೆಜಮಾನ್ರು ನಿಮಗೊಂದು ಟಿಕೆಟ್ ಹರೀಲಿಲ್ಲ ಅಂದ್ರೆ ನಾವೇನಮ್ಮ ಮಾಡೋಣ?" ಯಾರೋ ನಕ್ಕರು. ಆಮೇಲೆ ಅವಳಿಗೇ ಕೆಟ್ಟದೆನಿಸಿರಬೇಕು, ಎರಡು ಇಡ್ಲಿ ಹೆಚ್ಚಿಗೆ ಕಟ್ಟಿಕೊಟ್ಟಳು. ನಾನು ಅವನ್ನು ತೆಗೆದುಕೊಂಡೆ. ಬೇಡ ಎನ್ನಲು ಬಾಯಿ ತೆರೆದಿದ್ದರೆ ಅಲ್ಲಿಯೇ ಅತ್ತುಬಿಡುತ್ತಿದ್ದೆ.

ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ಬೀದಿ ಖಾಲಿಯಾಗಿತ್ತು. ಹಂಡೆಗಳನ್ನು ಒಂದೊಂದಾಗಿ ಬೋರಲು ಹಾಕಿದ್ದೆವು. ಒಂದೇ ಒಂದು ಹಂಡೆಯ ತಳದಲ್ಲಿ ತೆಳ್ಳಗೆ ಏನೋ ಉಳಿದಿತ್ತು. ಪದ್ಮರಾಜಯ್ಯ ಹಂಡೆಯನ್ನು ವಾರೆ ಮಾಡಿ, ಮಗುವಿಗೆ ಕೊನೆಯ ಗುಟುಕು ಗಂಜಿ ಕುಡಿಸುವವರ ಹಾಗೆ ಕೆರೆದು ಕೆರೆದು ನನ್ನ ಗಂಡನ ಗಿಂಡಿಗೆ ತುಂಬಿದರು. ಅರ್ಧ ಗಿಂಡಿಯೂ ಆಗಲಿಲ್ಲ.

"ನಿಮ್ಮದು ಸಾರ್?"

"ನಾನು ನಿದ್ದೆ ಮಾಡಿ ಏನ್ ಮಾಡ್ಲಿ" ಎಂದರು. "ನೀವು ಹೊರಡಿ. ನಾನು ಬೀಗ ಹಾಕ್ತೀನಿ."

ಗಿಂಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಿರುವಾಗ ಎದುರಿಗೆ ಜಯಶೀಲ ಓಡಿಕೊಂಡು ಬರುತ್ತಿದ್ದಳು. ಅವಳ ಮುಷ್ಟಿಯಲ್ಲಿ ಅತ್ತೆಯ ಬಿಲ್ಲೆಗಳಿದ್ದವು. "ಕೊಟ್ರು ಕಣಕ್ಕಾ, ಕೊನೆಗೂ ಕೊಟ್ರು! ರಾತ್ರಿಯಿಂದ ಒಂದೇ ಸಮ ಕೂಗ್ತಿದಾರೆ. ತಡ್ಕೊಳೋಕಾಗ್ತಿಲ್ಲ, ತಗೊಂಡೋಗೇ ಅಂತ ಅವರೇ ಬಿಚ್ಚಿ ಕೊಟ್ರು. ಇದೆ ಅಲ್ವಾ ಅಕ್ಕಾ?"

ನಾನು ಇಲ್ಲ ಎಂದೆ. ಅವಳು ನನ್ನ ಸೆರಗನ್ನು ನೋಡಿದಳು. ಅದರಡಿಯ ಉಬ್ಬನ್ನು ನೋಡಿದಳು.  ಕಣ್ಣೊರೆಸಿಕೊಂಡು ನನ್ನ ಜೊತೆಯೇ ವಾಪಸು ನಡೆದಳು. ದಾರಿಯುದ್ದಕ್ಕೂ ಅವಳ ಕೈಯಲ್ಲಿ ಬಿಲ್ಲೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ದೀಪ ಹಚ್ಚಿದ ಮೇಲೆ ಗಿಂಡಿಯನ್ನು ದಿಂಬಿನ ಪಕ್ಕ ಇಟ್ಟು ಕೂತೆ. ಇದರಲ್ಲಿ ನನ್ನ ಗಂಡ ಇರಬಹುದು. ಇಷ್ಟು ಜನಕ್ಕೆ ಇಷ್ಟು ಬಸ್ಸು ಬಂದ ಮೇಲೆ ಕೊನೆಯ ಒಂದಾದರೂ ತಳದಲ್ಲಿ ಉಳಿದಿರಬಹುದು. ಮುಚ್ಚಳ ತೆಗೆದು ಮಲಗಿದರೆ ನನ್ನ ಬೆರಳುಗಳೇ ಟಿಕೆಟ್ ಹರಿಯುತ್ತವೆ, ಅವರ ಕಣ್ಣಿನಿಂದ ನಾನೇ ಸಾಲು ಸಾಲು ಸೀಟುಗಳನ್ನು ನೋಡುತ್ತೇನೆ. ಗೋಡೆಯಾಚೆ ಹೊನ್ನಮ್ಮ ಕೂಗುತ್ತಿದ್ದರು. ಅದು ನರಳಾಟದ ಹಂತ ದಾಟಿತ್ತು. ಮರಿಯನ್ನು ಕಳೆದುಕೊಂಡ ಯಾವುದೋ ಪ್ರಾಣಿಯ ಸದ್ದಿನ ಹಾಗಿತ್ತು. ನಾನು ಕಿವಿ ಮುಚ್ಚಿಕೊಂಡೆ. ಕಿವಿ ಮುಚ್ಚಿಕೊಂಡರೆ ನಿದ್ದೆ ಮಾಡಬಹುದು, ಆದರೆ ಗಂಡನ ಕಣ್ಣಿನಿಂದ ನೋಡಲು ಹೊರಟವಳು ಹೀಗೆ ಕಿವಿ ಮುಚ್ಚಿಕೊಂಡು ಹೋಗುವುದು ಹೇಗೆ? ತುಂಬಿದ ಬಸ್ಸಿನಲ್ಲೂ ಮುದುಕಿಯರು ನಿಂತಿದ್ದರೆ ತಮ್ಮ ಸೀಟು ಬಿಟ್ಟುಕೊಡುತ್ತಿದ್ದ ಮನುಷ್ಯ.

ನಾನು ಗಿಂಡಿ ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ಜಯಶೀಲ ಬಾಗಿಲಲ್ಲಿ, "ಬೇಡ ಅಕ್ಕಾ, ಅದು ನಿಮ್ದು, ನಿಮ್ ಯಜಮಾನ್ರ ಗಿಂಡಿ" ಎಂದಳು. ಹಾಗೆನ್ನುತ್ತಲೇ ದಾರಿ ಬಿಟ್ಟಳು. ಹೊನ್ನಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡು, "ಇದು ಕೊನೇದೇನೇ ಮಂಗಳಾ?" ಎಂದರು. ಹೌದೆಂದೆ. "ನೀನು?" ಎಂದರು. ನಾನು ಮುಚ್ಚಳ ತೆಗೆದು ಅವರ ತಲೆಯ ಹತ್ತಿರ ಇಟ್ಟೆ. ಸ್ವಲ್ಪ ಹೊತ್ತಿಗೆ ಮಣಿಕಟ್ಟಿನ ಮೇಲಿನ ಬೆರಳುಗಳು ಸಡಿಲವಾದವು. ಅವರ ಹುಬ್ಬಿನ ನಡುವಿನ ಗಂಟು ಬಿಚ್ಚಿತು. ನಾನೂ ಜಯಶೀಲಳೂ ಅದನ್ನೇ ನೋಡುತ್ತ ಕೂತೆವು, ಆಮೇಲೆ ನಾನು ಮನೆಗೆ ಬಂದು ಬೆಳಗಾಗುವುದನ್ನು ಕಾದೆ.

ಬೆಳಿಗ್ಗೆ ಗಂಜಿ ಮಾಡಿಕೊಂಡು ಅವರ ಹಿತ್ತಲ ಕಡೆಯಿಂದ ಹೋದೆ. ಬಾಗಿಲು ಓರೆಯಾಗಿತ್ತು. ಒಳಗೆ ಹೊನ್ನಮ್ಮನ ದನಿ, ಎಷ್ಟೋ ದಿನದ ಮೇಲೆ ತಿಳಿಯಾದ ದನಿ.

"...ನೀರು ಕಣೇ. ಯಾರ್ದೋ ಬಾವಿ. ರಾತ್ರಿಯೆಲ್ಲ ಸೇದ್ದೆ. ಎಳ್ದಷ್ಟೂ ಹಗ್ಗ ಬರೋದು. ಸೇದೋದು, ಸುರಿಯೋದು. ಬೇರೇನೂ ಇಲ್ಲ. ಆದ್ರೆ ತೋಳಲ್ಲಿ ಏನು ಶಕ್ತಿ ಅಂತೀಯಾ, ಇಪ್ಪತ್ತು ವರ್ಷದ ಹುಡುಗಿ ಥರ."

"ಬಸ್ಸು?" ಇದು ಜಯಶೀಲ.

"ಇಲ್ಲ ಕಣೇ."

"ಒಂಚೂರೂನಾ?"

"ಇಲ್ಲ ಅಂದ್ನಲ್ಲ. ಬಾವೀಲಿ ಬಸ್ಸು ಎಲ್ಲಿಂದ ಬರುತ್ತೆ? ಈಗ ಬರ್ತಾಳೆ ಅವ್ಳು. ಬಂದು ಮುಖ ನೋಡ್ಕೊಂಡು ನಿಂತ್ರೆ ನಾನೇನೇ ಹೇಳ್ಲಿ?"

ಗಂಜಿಯ ಪಾತ್ರೆ ಬಿಸಿಯಾಗಿತ್ತು. ಅದನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಸದ್ದಾಗದ ಹಾಗೆ ಹಿಂದೆ ಸರಿದೆ. ಮನೆ ಸುತ್ತಿ ಮುಂದಿನ ಬಾಗಿಲಿಗೆ ಬಂದು, ಚಿಲಕವನ್ನು ಬೇಕೆಂದೇ ಎರಡು ಸಲ ಬಡಿದು ಒಳಗೆ ಹೋದೆ.

ಹೊನ್ನಮ್ಮ ಗೋಡೆಗೆ ಒರಗಿ ಕೂತಿದ್ದರು. ಮುಖ ನಿದ್ದೆಯಿಂದ ಉಬ್ಬಿತ್ತು. ನಾನು ಗಂಜಿ ಇಟ್ಟು ಎದುರಿಗೆ ಕೂತೆ.  ಅವರೇ ಶುರು ಮಾಡಿದರು.

"ಬಂತು ಕಣವ್ವ ಬಸ್ಸು."

ಜಯಶೀಲ ಒಲೆಯ ಕಡೆ ತಿರುಗಿಕೊಂಡಳು.

"ಹೌದಾ ಅಜ್ಜಿ?"

"ಹೂಂ. ಏನ್ ಜನ ಅಂತೀಯಾ, ಕಾಲಿಡೋಕೆ ಜಾಗ ಇಲ್ಲ. ನೀನಿದ್ದೆ. ಮುಂದ್ಗಡೆ, ಡ್ರೈವರ್ ಹಿಂದಿನ ಸೀಟು. ಕಿಟಕಿ ಪಕ್ಕ."

"ಏನು ಉಟ್ಕೊಂಡಿದ್ದೆ?"

ಅವರು ಒಂದು ಕ್ಷಣ ಸೊಸೆಯ ಬೆನ್ನನ್ನು ನೋಡಿದರು. "ಅದೇ, ಹಸಿರು. ಕೆಂಪಂಚಿಂದು. ಲಕ್ಷಣವಾಗಿತ್ತು."

ನನ್ನ ಹತ್ತಿರ ಹಸಿರು ಸೀರೆ ಎಂದೂ ಇರಲಿಲ್ಲ. ನನ್ನ ಗಂಡನಿಗೆ ಹಸಿರು ಆಗಿಬರುವುದಿಲ್ಲವೆಂದು ಯಾರೋ ಹೇಳಿದ್ದರಂತೆ, ಮದುವೆಗೂ ತಂದಿರಲಿಲ್ಲ.

"ಟಿಕೆಟ್ ಕೇಳಿದ್ರಾ?"

"ನಿನ್ನ ಹತ್ರ ಕೇಳ್ತಾರೇನೇ? ಎಲ್ರ ಹತ್ರ ತಗೊಂಡು ಕೊನೇಗೆ ನಿನ್ನ ಹತ್ರ ಬಂದು ನಿಂತ್ಕೊಂಡ್ರು. 'ಮಂಗಳಾ, ಕಿಟಕಿ ಹಾಕ್ಕೋ, ಗಾಳಿ ಹೊಡೆಯುತ್ತೆ' ಅಂದ್ರು." ಹೇಳುತ್ತ ಹೇಳುತ್ತ ಅವರ ದನಿಗೆ ಧೈರ್ಯ ಬಂದಿತ್ತು. ಸುಕ್ಕುಗಟ್ಟಿದ ಕೈಯಿಂದ ಕಿಟಕಿಯನ್ನು ಎಳೆದು ತೋರಿಸಿದರು.

ಗುರುಶಾಂತ ನನ್ನನ್ನು ಹೆಸರಿಟ್ಟು ಕರೆದವರೇ ಅಲ್ಲ. ಮನೆಯಲ್ಲೂ ಬೀದಿಯಲ್ಲೂ "ಲೇ" ಎನ್ನುತ್ತಿದ್ದರು, ಬಹಳ ಪ್ರೀತಿ ಬಂದರೆ "ತಗಳೇ" ಎನ್ನುತ್ತಿದ್ದರು. ಒಲೆಯ ಮುಂದೆ ಜಯಶೀಲಳ ಭುಜ ಅಲುಗುತ್ತಿತ್ತು. ಹೊನ್ನಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಪರೀಕ್ಷೆ ಬರೆದು ಕೊಟ್ಟು ಮೇಷ್ಟರ ಮುಂದೆ ನಿಂತ ಮಗುವಿನ ಕಣ್ಣು.

"ಇನ್ನೊಂದ್ಸಲ ಹೇಳಿ ಅಜ್ಜಿ" ಎಂದೆ.

ಅವರು ಮತ್ತೆ ಮೊದಲಿನಿಂದ ಹೇಳಿದರು. ಈ ಸಲ ಬಸ್ಸು ಒಂದು ಸೇತುವೆ ದಾಟಿತು. ಸೇತುವೆಯ ಕೆಳಗೆ ನೀರು ಬಹಳ ಇತ್ತು. ನಾನು ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ, ಆರಿಸಿ, ಅವರ ಕೈಗೆ ಕೊಟ್ಟೆ. ಅವರು ಒಂದು ಗುಟುಕು ಕುಡಿದು, "ಕಿಟಕಿ ಹಾಕ್ಕೊಂಡೆ ಕಣೇ ನೀನು, ಹೇಳಿದ್ ಮಾತು ಕೇಳ್ದೆ" ಎಂದರು. ಹಿತ್ತಲ ಬಾಗಿಲಲ್ಲಿ ನಾನು ನಿಂತಿದ್ದುದನ್ನು ಇವರಿಗೂ ಜಯಶೀಲಳಿಗೂ ಬೇರೆ ಯಾರಿಗೂ ಎಂದೆಂದಿಗೂ ಹೇಳಬಾರದು ಎಂದು ಅಲ್ಲಿಯೇ, ಖಾಲಿ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು, ನಿರ್ಧರಿಸಿದೆ.